ಮಜ್ಜಿಗಿ ಬಂದ್

ಗಡಹಿಂಗ್ಲಜದ ನಮ್ಮ ಓಣಿಗೆಲ್ಲ ಪುಕ್ಕಟೆ ಮಜ್ಜಿಗೆ ಕೊಡುತ್ತಿದ್ದವರು ಎಲ್ಲರಿಗೂ ಚಿಕ್ಕಮ್ಮನಂತಿದ್ದ ಜೈನರ ಕಾಕೂ. ಸಿಟ್ಟು ಬಂದರೆ ಒಂದೇ ಮಾತು: “ಅವರ ಮಜ್ಜಿಗಿ ಬಂದ್!”

ಎದುರುಮನೆಯವನು ಹೊಲದ ಬದುವಿನ ಜಗಳಕ್ಕೆ ಬಂದೂಕು ತಂದಾಗಲೂ ಅದೇ ಹುಕುಂ ಹೊರಟಿತು. ಅವನ ಮಕ್ಕಳಿಗೆ ಮಾತ್ರ ಹಿತ್ತಲಲ್ಲಿ ಕದ್ದು ಕುಡಿಸುತ್ತಿದ್ದರು. ಸಂಜೆ ಅವನ ಕಟ್ಟೆಯ ಮೇಲೆಯೇ ಕೂತು ಹರಟುತ್ತಿದ್ದರು. “ಇದೆಂಥಾ ಬಂದ್ ರೀ ಕಾಕೂ?” ಎಂದು ನಾವು ನಕ್ಕರೆ, “ಮಜ್ಜಿಗಿ ಬಂದ್, ಮಾತು ಚಾಲೂ” ಎನ್ನುತ್ತಿದ್ದರು.

ಬೇಸಿಗೆ ಏರಿದಾಗ ಅವನು ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಖಾಲಿ ತಂಬಿಗೆ ಹಿಡಿದು ಬಂದ. “ಎರಡೂ ಇಡಪಾ, ಒಂದ ತುಂಬಿಸಿ ಕೊಡ್ತೇನಿ” ಎಂದರು.

ಮುಂದೆ ಅಣುಬಾಂಬಿನ ಸುದ್ದಿ ಬಂತು. ನಾಳೆ ಅದು ವೈರಿ ದೇಶದ ಕೈಗೆ ಸಿಕ್ಕರೆ ಗತಿಯೇನೆಂದು ಗಂಡಸರೆಲ್ಲ ಕಂಗಾಲಾದರು. ಕಾಕೂ ಕಡೆಗೋಲು ನಿಲ್ಲಿಸಿದರು: “ಅವರಿಗೆ ಮಜ್ಜಿಗಿ ಯಾರು ಕೊಡ್ತಾರ? ಮೊದಲ ಅದನ್ನ ಹೇಳ್ರಿ.”