ಗುಬ್ಬಿ ಎಂಜಲು ಬಿಟ್ಟುಬಂದ ದಾರಿ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ, ಎಮ್ಮೆ ಹಿಂಡಿದೆ, ನೀರು ತುಂಬಿದೆ, ರೊಟ್ಟಿ ಬಡಿದು ಪುಂಡಿಪಲ್ಯದ ಬುತ್ತಿ ಕಟ್ಟಿದೆ, ಮಗಳು ಕಾವೇರಿಗೆ ಜಡೆ ಹಾಕಿದೆ. ಅತ್ತೆ ಆಗಲೇ ಆಧಾರ್ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸು ಕಿಕ್ಕಿರಿದಿತ್ತು. "ಮೂರೂ ಮಂದಿ ಫ್ರೀ. ಸೀಟೂ ಫ್ರೀ ಇದ್ದಿದ್ರ ಚೊಲೋ ಇತ್ತು ನೋಡ್ರಿ" ಎಂದ ಕಂಡಕ್ಟರ್. ಅತ್ತೆ ನಗಲಿಲ್ಲ.

ಕಾವೇರಿಯ ತುಟಿಯ ಒಳಗೆ, ಗಲ್ಲದ ಒಳಗೆ ಜೋಳದ ಕಾಳಿನಂಥ ಗುಳ್ಳೆಗಳೆದ್ದಿದ್ದವು. ನೋವಿರಲಿಲ್ಲ. ಆದರೆ ಮಾವನವರು ಹೋದದ್ದು ಬಾಯಿಯ ಕ್ಯಾನ್ಸರಿನಿಂದ. ಗುಳ್ಳೆ ಕಂಡ ದಿನದಿಂದ ಅತ್ತೆ ಮೊಮ್ಮಗಳಿಗೆ ಗುಬ್ಬಿ ಎಂಜಲು ಕೊಡುವುದನ್ನು ನಿಲ್ಲಿಸಿದ್ದರು. ಗುಬ್ಬಿ ಎಂಜಲೆಂದರೆ ತಿನಿಸಿಗೆ ಸೆರಗು ಸುತ್ತಿ, ಹಲ್ಲಿನಿಂದ ಕಚ್ಚಿ ಎರಡು ಮಾಡಿ, ಒಂದು ಅವಳಿಗೆ, ಒಂದು ತಮಗೆ. ನಡುವೆ ಬಟ್ಟೆ ಇರುವುದರಿಂದ ಅದು ಎಂಜಲಲ್ಲ ಎಂದೇ ನಮ್ಮೆಲ್ಲರ ಲೆಕ್ಕ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಹರಪನಹಳ್ಳಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಬಾಯಿರೋಗದ ಡಾಕ್ಟರಮ್ಮ ಕಾವೇರಿಯ ತುಟಿಯನ್ನು ಹಿಡಿದು ಎಳೆದರು. ಎಳೆದು ಹಿಡಿದಷ್ಟು ಹೊತ್ತು ಗುಳ್ಳೆಗಳು ಚಪ್ಪಟೆಯಾಗಿ ಕಾಣದಾದವು.

"ಇದು ಕ್ಯಾನ್ಸರ್ ತರ ಕಾಣ್ತಿಲ್ಲ, ಹೆದರಬೇಡಿ. ಅಪರೂಪದ ವೈರಸ್ಸು. ತಾನೇ ಹೋಗುತ್ತೆ, ಒಂದೆರಡು ವರ್ಷ ಹಿಡಿದರೂ ಹಿಡೀಬಹುದು. ಹಲ್ಲಿಗೆ ಸಿಗೋ ಒಂದು ಗುಳ್ಳೆಯನ್ನು ಮುಂದಿನ ಸಲ ತೆಗೆದು ಪರೀಕ್ಷೆಗೆ ಕಳಿಸೋಣ. ಮನೇಲಿ ಮತ್ಯಾರಿಗಾದ್ರೂ ಇದೆಯಾ?"

ಅತ್ತೆ ಎಲೆ-ಅಡಿಕೆಯ ಬಾಯಿ ತೊಳೆದು ಬಂದು ತಾವಾಗಿಯೇ ತೆರೆದರು. ಅಲ್ಲೂ ಅವೇ ಗುಳ್ಳೆಗಳು, ಸವೆದು ಸಣ್ಣಗಾಗಿದ್ದವು.

"ನಂದ ಹತ್ತೇತೇನ್ರಿ ಕೂಸಿಗೆ?"

"ಇರಬಹುದು ಅಜ್ಜಿ. ಎಂಜಲಿನಿಂದ ಹರಡುತ್ತೆ."

"ಸೀರಿ ಅಡ್ಡ ಇಟ್ಟ ಕಚ್ಚತಿದ್ದೆನ್ರಿ!"

"ಸೀರೆ ನೆನೀತದಲ್ಲಜ್ಜಿ."

ಇದು ತಮ್ಮ ಗಂಡನಿಗೆ ಬಂದ ರೋಗವಲ್ಲ ಎಂಬ ಸಮಾಧಾನ ಅತ್ತೆಯ ಮುಖದ ಮೇಲೆ ಗಳಿಗೆಯೂ ನಿಲ್ಲಲಿಲ್ಲ.

ವಾಪಸು ಬರುವಾಗ ಕೊಟ್ಟೂರಿನಲ್ಲಿ ಶೇಂಗಾ ಚಿಕ್ಕಿ ಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಕಾವೇರಿ ಅದನ್ನು ಅಜ್ಜಿಯ ಮಡಿಲಿಗಿಟ್ಟಳು.

"ಗುಬ್ಬಿ ಎಂಜಲ ಮಾಡಬೇ. ಇಬ್ಬರಿಗೂ ಐತಲ್ಲ, ಇನ್ನೇನ ಆಗತೈತಿ?"

ಅತ್ತೆ ಚಿಕ್ಕಿಗೆ ಸೆರಗು ಸುತ್ತಿದರು. ಬಾಯಿಯವರೆಗೂ ಒಯ್ದರು. ಆಮೇಲೆ ಕೈ ಇಳಿಸಿ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಕುಟ್ಟಿ ಒಡೆದರು.

"ಬಾಯಿ ನೆಟ್ಟಗಾಗ್ಲಿ, ಆಮ್ಯಾಲೆ ಮಾಡಿ ಕೊಡ್ತೀನಿ."

ಕಾವೇರಿ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದಳು. ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, "ಎರಡ ವರ್ಷ ಅಂದ್ರ ಇಕಿ ದೊಡ್ಡಾಕಿ ಆಗಿರ್ತಾಳವಾ. ಆವಾಗ ಕೇಳ್ತಾಳೇನು?" ಎಂದರು.

ರಾತ್ರಿ ಅನ್ನ-ಮಜ್ಜಿಗೆ ಉಂಡೆವು. ಮೂವರಿಗೂ ಬೇರೆ ಬೇರೆ ತಾಟು, ಬೇರೆ ಬೇರೆ ಲೋಟ. ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾವೇರಿಯೇ ಮೊದಲು ಮಲಗಿದಳು.