ಕೆಂಪು ಮೂತಿಯ ಕಾಡತೂಸು

ಟಕ್ ಎನ್ನಬೇಕಾಗಿದ್ದ ಪಿಸ್ತೂಲು ಢಂ ಎಂದಿತು. ಜೇವರ್ಗಿ ಕಾಲೋನಿಯ ನಮ್ಮ ಮನೆಯ ನಡುಮನೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ, ಅಡುಗೆಮನೆಯ ಮುಚ್ಚಿದ ಬಾಗಿಲಿಗೆ ಗುರಿ ಹಿಡಿದು ನಿಂತಿದ್ದವಳು ನಾನು. ಆ ಬಾಗಿಲಿನ ಹಿಂದೆ ನನ್ನ ಅತ್ತೆ ಇದ್ದರು.

ತೊಂಬತ್ತರ ದಶಕದ ನಡುವಿನ ಮಾತಿದು. ನಾನು ಆಗ ಬ್ಯಾಂಕಿನಲ್ಲಿ ಗುಮಾಸ್ತೆ. ಕಾಲೇಜಿನ ದಿನಗಳಲ್ಲಿ ಹತ್ತಿದ ಗುರಿ ಹೊಡೆಯುವ ಹುಚ್ಚು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ಹಾಳುಬಿದ್ದ ಕೆಂಪುಕಲ್ಲಿನ ಖಣಿಯೊಂದರಲ್ಲಿ, ಪರವಾನಗಿ ಪಡೆದು, ನಮ್ಮ ಸಣ್ಣ ಕ್ಲಬ್ಬಿನವರು ಅಭ್ಯಾಸ ಮಾಡುತ್ತಿದ್ದರು. ಬರುವಾಗ ಅತ್ತೆಗೆಂದು ಅಲ್ಲಿಯ ಕೆಂಪು ಬಾಳೆಹಣ್ಣು ತರುತ್ತಿದ್ದೆ. ಹಣ್ಣು ತಿನ್ನುತ್ತಿದ್ದರು, ಪಿಸ್ತೂಲಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮಡಿಯ ಮನೆಗೆ ಪಿಸ್ತೂಲು ತಂದ ಸೊಸೆಯ ಬಗ್ಗೆ ಅವರ ಮನಸ್ಸಿನಲ್ಲಿ ಏನಿತ್ತೋ, ಕೇಳುವ ಗೋಜಿಗೆ ನಾನೂ ಹೋಗಲಿಲ್ಲ.

ನನ್ನ ಶಿಸ್ತಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಖಣಿಯಿಂದ ಬಂದ ಕೂಡಲೇ ಸೀರೆ ಬದಲಾಯಿಸುವ ಮೊದಲು ಪಿಸ್ತೂಲು ಬಿಚ್ಚಬೇಕು. ನಳಿಗೆಯಲ್ಲಿ ಕಡ್ಡಿಗೆ ಸುತ್ತಿದ ಬಟ್ಟೆ ತೂರಿಸಿ, ಅದು ಬೆಳ್ಳಗೆ ಹೊರಬರುವ ತನಕ ಎಳೆಯಬೇಕು. ಆಮೇಲೆ ಹೊಲಿಗೆ ಮಷೀನಿನ ಎಣ್ಣೆ, ಒಂದೇ ಹನಿ. ಆ ಬಟ್ಟೆಯ ಚೂರುಗಳನ್ನು ಅತ್ತೆಯೇ ಹಳೆಯ ಧೋತರ ಹರಿದು, ಒಂದೇ ಅಳತೆಗೆ ಕತ್ತರಿಸಿ, ಕೇಳದೆಯೇ ನನ್ನ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿರುತ್ತಿದ್ದರು. ಯಾರಾದರೂ ಪಿಸ್ತೂಲು ಮುಟ್ಟಿದರೆ, ಅದರ ಮೇಲೆ ಒಂದು ಕಣ ಧೂಳು ಕಂಡರೆ, ನಾನು ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದೆ. ನನ್ನ ಗಂಡ ಆಗ ಪೇಪರು ಹಿಡಿದು ಅಂಗಳಕ್ಕೆ ಎದ್ದು ಹೋಗುತ್ತಿದ್ದರು.

ಕಾಡತೂಸು ಸಿಗುವುದು ಕಷ್ಟವಿದ್ದ ಕಾಲ. ಹಾಗಾಗಿ ವಾರದ ದಿನಗಳಲ್ಲಿ ಮನೆಯಲ್ಲೇ ಖಾಲಿ ಅಭ್ಯಾಸ. ಆದರೆ ಒಳಗೆ ಏನೂ ಇಲ್ಲದೆ ಕುದುರೆ, ಅಂದರೆ ಟ್ರಿಗರ್, ಎಳೆದರೆ ಆ ಜಾತಿಯ ಪಿಸ್ತೂಲು ಕೆಡುತ್ತದೆ. ಅದಕ್ಕೆ ಹಾರಿಸಿ ಮುಗಿದ ಹತ್ತು ಖಾಲಿ ಕೊಳವೆಗಳನ್ನು ಕೋಟೆಯ ಕಡೆ ಲಾಖ್ ಬಳೆ ಮಾಡುವ ಚಾಚಾನ ಹತ್ತಿರ ಒಯ್ದಿದ್ದೆ. ಆತ ಬಿಸಿ ಅರಗು ತುಂಬಿ, ಚಿಮಟದಿಂದ ತೀಡಿ, ಗುಂಡಿನ ಹಾಗೇ ಕೆಂಪು ಮೂತಿ ಮಾಡಿಕೊಟ್ಟ. ‘ಲಾಲ್ ಹೈ ಸೋ ಮುರ್ದಾ ಹೈ, ಬೇಟಿ’ ಎಂದು ನಕ್ಕ. ಕೆಂಪು ಇದ್ದದ್ದು ಸತ್ತದ್ದು. ಎಷ್ಟು ಸುಲಭದ ನಿಯಮ ಎಂದು ನನಗೆ ಖುಷಿಯಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಯಾರೂ ಮುಟ್ಟುವುದೇ ಇಲ್ಲವಲ್ಲ.

ಈ ಕೆಂಪು ಮೂತಿಯವು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಒಂದು ಡಬ್ಬಿಯಲ್ಲಿ ಇರುತ್ತಿದ್ದವು. ಜೀವಂತ ಕಾಡತೂಸುಗಳು ಉಕ್ಕಿನ ಕಪಾಟಿನಲ್ಲಿ. ಕಪಾಟಿನ ಕೀಲಿ ಅತ್ತೆಯ ಟೊಂಕದಲ್ಲಿ. ಇಡೀ ಗುಲ್ಬರ್ಗದಲ್ಲಿ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ.

ಆ ವರ್ಷ ಮೊದಲ ಸಲ ರಾಜ್ಯಮಟ್ಟದ ಸ್ಪರ್ಧೆಗೆ ನನ್ನ ಆಯ್ಕೆಯಾಗಿತ್ತು. ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ ಗಂಡ ಆಫೀಸಿನ ಕೆಲಸದ ಮೇಲೆ ಪರವೂರಿನಲ್ಲಿದ್ದರು. ನಾನು ಮೂರು ದಿನ ಹೊರಗೆ ಕೂತವಳು, ಹೊರಕೋಣೆಯ ಚಾಪೆ ಬಿಟ್ಟು ಏಳುವಂತಿರಲಿಲ್ಲ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ, ಬ್ಯಾಂಕಿಗೆ ಹೋಗಿ ಬಂದು, ಸಂಜೆ ಪೆಟ್ಟಿಗೆ ತೆಗೆದೆ. ಸ್ಪರ್ಧೆಗೆ ಹತ್ತೇ ದಿನ ಉಳಿದಿತ್ತು.

ಸ್ಪರ್ಧೆಯಲ್ಲಿ ಒಂದು ಸುತ್ತಿಗೆ ಐದು ಕಾಡತೂಸು. ನೋಡದೆ, ಬೆರಳಿನ ಅಂದಾಜಿನಲ್ಲೇ ಐದನ್ನು ತುಂಬುವ ರೂಢಿ ಮಾಡಿಕೊಂಡಿದ್ದೆ. ಡಬ್ಬಿಯಿಂದ ಐದು ತೆಗೆದೆ, ಎಲ್ಲವೂ ಕೆಂಪು. ತುಂಬಿದೆ. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದ ಕಪ್ಪು ಚುಕ್ಕೆಗೆ ಕೈ ಚಾಚಿದೆ. ಉಸಿರು ಅರ್ಧ ಬಿಟ್ಟೆ. ಬೆರಳು ಎಳೆಯಿತು.

ಸದ್ದಿಗಿಂತ ಮೊದಲು ಕೈ ಎಗರಿದ್ದು ತಿಳಿಯಿತು. ಚುಕ್ಕೆಯ ನಟ್ಟನಡುವೆ ತೂತು. ಒಳಗೆ ಏನೋ ಒಡೆದು ಬಿದ್ದ ಸಪ್ಪಳ. ಬಾಗಿಲು ಇದ್ದದ್ದು ಆರು ಹೆಜ್ಜೆ ದೂರದಲ್ಲಿ, ಅದನ್ನು ನೂಕುವ ಧೈರ್ಯ ನನಗಿರಲಿಲ್ಲ.

ಬಾಗಿಲು ಒಳಗಿನಿಂದಲೇ ತೆರೆಯಿತು. ಅತ್ತೆ ಹಿಟ್ಟಿನ ಕೈಯಲ್ಲಿ ನಿಂತಿದ್ದರು. ತಲೆಯ ಸೆರಗಿನ ಮೇಲೆ ಉಪ್ಪಿನಕಾಯಿ ಭರಣಿಯ ಚೂರುಗಳಿದ್ದವು.

‘ಏನಾತವಾ? ನಿನಗೇನರ ಆತೇನು?’ ಎಂದು ಕೇಳಿದರು.

ಅವರು ಬದುಕಿದ್ದದ್ದು ಕೂತಿದ್ದರಿಂದ. ಮಣೆಯ ಮೇಲೆ ಕೂತು ಅಡುಗೆ ಮಾಡುವುದು ಅವರ ಹಳೆಯ ರೂಢಿ. ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸೋಣ ಎಂದು ಎರಡು ವರ್ಷದಿಂದ ಜಗಳ ತೆಗೆದವಳು ನಾನೇ, ಒಪ್ಪದವರು ಅವರು. ಗುಂಡು ಹೊಕ್ಕ ಭರಣಿ, ನಿಂತಿದ್ದರೆ ಅವರ ಕುತ್ತಿಗೆ ಬರುವ ಎತ್ತರದಲ್ಲಿತ್ತು. ಆ ಜಗಳವನ್ನು ನಾನು ಗೆದ್ದಿದ್ದರೆ ಅವತ್ತು ಅವರು ನಿಂತಿರುತ್ತಿದ್ದರು.

ಪಿಸ್ತೂಲು ಖಾಲಿ ಮಾಡಿದೆ. ನಾಲ್ಕು ಕೆಂಪು ಮೂತಿಗಳು ಅಂಗೈಗೆ ಬಂದವು. ನನ್ನ ಬೆರಳ ತುದಿ ಕೆಂಪಾಗಿತ್ತು. ಅರಗು ಬೆರಳಿಗೆ ಹತ್ತುವುದಿಲ್ಲ. ಒಂದನ್ನು ಉಜ್ಜಿದೆ, ಕೆಂಪಿನ ಕೆಳಗೆ ಬೂದು ಸೀಸ ಕಂಡಿತು. ಇನ್ನೊಂದನ್ನು ಉಜ್ಜಿದೆ, ಅದೂ ಹಾಗೇ. ಉಳಿದೆರಡು ಅರಗಿನವು.

‘ಇದನ್ನ ಯಾರ ಕೈ ಮುಟ್ಟೇದ?’ ಎಂದು ಕಿರುಚಿದೆ. ಅವರು ನನ್ನನ್ನು ಕೇಳಿದ್ದು ನಿನಗೇನಾಯಿತು ಎಂದು, ನಾನು ಅವರನ್ನು ಕೇಳಿದ್ದು ಇದನ್ನು.

ಅತ್ತೆ ಹಿಟ್ಟು ಮೆತ್ತಿದ ಎರಡೂ ಕೈ ನೋಡಿಕೊಂಡರು. ‘ನಂದ ಕೈಯವಾ’ ಎಂದರು. ‘ಖಂಡೇ ಪೂಜಿ ದಿನ ನೀ ಹೊರಗ ಕೂತಿದ್ದಿ, ಅಂವಾ ಊರಾಗ ಇರ್ಲಿಲ್ಲ. ಈಳಿಗಿಗೆ, ಮಷೀನಿಗೆ ಬರೇ ಹೂವು ಏರಿಸಿದೆ. ನೀ ಅಷ್ಟು ದೂರ ಆಡಲಿಕ್ಕೆ ಹೊಂಟಾಕಿ, ನಿಂದನ್ನ ಹಂಗ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಪಿಸ್ತೂಲಿಗೆ ಧೂಳು ತಾಕಿದ್ರ ಸಿಟ್ಟಿಗೇಳ್ತಿ. ಅದಕ್ಕ ಕಪಾಟಿನ್ಯಾಗಿಂದ ಐದು ಗುಂಡು ತಗದು ಅವಕ್ಕ ಕುಂಕುಮ ಹಚ್ಚಿದೆ. ಡಬ್ಬ್ಯಾಗ ನೀನೂ ಹಚ್ಚಿಟ್ಟಿದ್ದಿ, ಅವುಗಳ ಜೋಡಿನ ಇಟ್ಟೆ.’

ಅರಗನ್ನು ಅವರು ಕುಂಕುಮ ಎಂದುಕೊಂಡಿದ್ದರು, ಕುಂಕುಮವನ್ನು ನಾನು ಅರಗು ಎಂದುಕೊಂಡೆ. ಮಾವ ತೀರಿದ ಹನ್ನೊಂದು ವರ್ಷಗಳಲ್ಲಿ ಅತ್ತೆ ಕುಂಕುಮದ ಕರಡಿಗೆಯನ್ನು ಬೆರಳಿನಿಂದ ಸಹ ಮುಟ್ಟಿರಲಿಲ್ಲ. ನೆರೆಯವರ ಮನೆಯ ಆರತಿಗೆ ಕರೆದರೂ ಬಾಗಿಲಲ್ಲೇ ನಿಂತು ಬರುತ್ತಿದ್ದವರು, ಕುಂಕುಮವನ್ನು ನೀರಲ್ಲಿ ಕಲಸಿ, ಐದು ಗುಂಡುಗಳ ಮೂತಿಗೆ ತುಂಬ ಹಚ್ಚಿದ್ದರು. ನನಗಾಗಿ.

‘ಈ ಕೈಲೆ ಹಚ್ಚಬಾರದಿತ್ತು’ ಎಂದರು ಅತ್ತೆ, ಮೆಲ್ಲಗೆ. ‘ಅದಕ್ಕ ಹಿಂಗಾತು.’

ಮರುದಿನವೇ ಕಮಲಾಪುರಕ್ಕೆ ಹೋಗಿ ನಮ್ಮ ತರಬೇತುದಾರರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಒಮ್ಮೆ ಹಾರಿಸಿದ ಕಾಡತೂಸಿನ ಹಿಂಬದಿಯಲ್ಲಿ ಪೆಟ್ಟಿನ ಗುರುತು ಇದ್ದೇ ಇರುತ್ತದೆ, ಹೊಸತರಲ್ಲಿ ಇರುವುದಿಲ್ಲ. ‘ತಿರುಗಿಸಿ ನೋಡಿದ್ದರ ಸಾಕಿತ್ತಲ್ರೀ’ ಎಂದರು. ಮನುಷ್ಯರಿರುವ ಮನೆಯ ಬಾಗಿಲಿಗೆ ಗುರಿ ಹಿಡಿಯುವವರನ್ನು ಸ್ಪರ್ಧೆಗೆ ಕಳಿಸುವುದಿಲ್ಲ ಎಂದೂ ಹೇಳಿದರು. ನಾನು ವಾದಿಸಲಿಲ್ಲ. ಪಟ್ಟಿಯಿಂದ ನನ್ನ ಹೆಸರು ತೆಗೆದರು.

ಇಷ್ಟನ್ನೂ ಅತ್ತೆಯ ಮುಂದೆ ಕೂತು ಹೇಳಿದೆ. ಅರಗಿನದು, ಸೀಸದ್ದು, ಎರಡನ್ನೂ ಅವರ ಅಂಗೈಯಲ್ಲಿಟ್ಟು ಹಿಂಬದಿ ತೋರಿಸಿದೆ. ತಪ್ಪು ನನ್ನದು, ನನ್ನ ನಿಯಮದ್ದು, ನನ್ನ ಸೊಕ್ಕಿನದು ಎಂದು ಬಾಯಿಬಿಟ್ಟು ಹೇಳಿ ಅತ್ತುಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. ‘ತಿಳೀತವಾ’ ಎಂದರು. ತಿಳಿದದ್ದಂತೂ ನಿಜ. ಅವತ್ತಿನಿಂದ ನಾನು ಪೆಟ್ಟಿಗೆ ತೆಗೆದರೆ ಸಾಕು, ಅಡುಗೆ ಬಿಟ್ಟು ಬಂದು, ‘ತೋರಸು’ ಎಂದು ಒಂದೊಂದರ ಹಿಂಬದಿಯನ್ನೂ ನೋಡಿ, ಆಮೇಲೆ ಹಿತ್ತಲ ಗೋಡೆಗೆ ಗುರಿ ಹಿಡಿ ಎಂದು ಕೈ ಮಾಡುತ್ತಿದ್ದರು. ಅವರು ನೋಡಿದ ಮೇಲೆ ನನಗೂ ನಿಶ್ಚಿಂತೆ.

ಮುಂದಿನ ದಸರೆಗೆ ಎಲ್ಲರೂ ಮನೆಯಲ್ಲಿದ್ದೆವು. ಪಿಸ್ತೂಲನ್ನು ಖಾಲಿ ಮಾಡಿ, ಅವರಿಗೆ ತೋರಿಸಿ, ಮಣೆಯ ಮೇಲೆ ಇಟ್ಟೆ. ಕುಂಕುಮದ ಕರಡಿಗೆಯನ್ನು ಅವರ ಮುಂದೆ ಹಿಡಿದು, ‘ನೀವ ಹಚ್ಚರಿ, ಅತ್ತಿ. ಪಿಸ್ತೂಲಿಗೇ ಹಚ್ಚರಿ, ಹೊಲಸಾದ್ರ ಒರಸಿಕೋತೀನಿ’ ಎಂದೆ.

‘ಬ್ಯಾಡವಾ’ ಎಂದರು. ‘ಯಾರ ಕೈ ಅಂತ ಒಮ್ಮೆ ಕೇಳೀದಿ. ಸಾಕು.’

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ, ಪಂಚಾಂಗದ ತಿಥಿ ಹೇಳಿದ ಹಾಗೆ ಹೇಳಿದರು. ಕುಂಕುಮ ನಾನೇ ಹಚ್ಚಿದೆ. ಅವರು ಎರಡೂ ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡು ನೋಡುತ್ತ ಕೂತರು.