ಸರ್ಕಾರದ ಕರು

ಇವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕರು ನನ್ನ ತೋಳು ನೆಕ್ಕಿತು. ಅದೂ ಎಲ್ಲಿ ಅಂತೀರಿ, ಭುಜದ ಕೆಳಗೆ ಕಾಸಿನಗಲದ ಹಳೆ ಕಲೆಯಿದೆಯಲ್ಲ, ಸರಿಯಾಗಿ ಅದರ ಮೇಲೆ. ಒರಟು ನಾಲಿಗೆ, ಹಾಲಿನ ವಾಸನೆ. ಅಂಗಳದಿಂದ ಸೊಸೆ ಕೂಗಿದಳು: "ಅತ್ತೆ, ಅಮ್ಮೆ ಕುತ್ತೋರು ಬಂದವ್ರೆ. ಕೂಸು ಅಳ್ತದೆ, ಬರೋ ವರ್ಷ ನೋಡಾಣಾ?" ಸಿಡುಬು ಬಾರದಂತೆ ಚುಚ್ಚುವ ಸರ್ಕಾರದವರನ್ನು ನಮ್ಮ ಕಡೆ ಹಾಗೆ ಕರೆಯುವುದು. ಮೊಮ್ಮಗಳ ಅಳು ನನಗೂ ತಡೆಯದು. "ಇರು, ನೋಡಾಣ" ಎಂದು ಅಲ್ಲೇ ಕೂತೆ. ಕೂತರೆ ನನಗೆ ಏಳುವುದೇ ಮರೆತುಹೋಗುತ್ತದೆ, ಬಿಡಿ.

ನಾನಾಗ ಚಿಕ್ಕವಳು; ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ ಅದು. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈ ಪಕ್ಕದ ನಮ್ಮ ಹಟ್ಟಿಯಲ್ಲಿ ದೇವರ ಆವುಗಳ, ಅಂದರೆ ದೇವರಿಗೆ ಬಿಟ್ಟ ದನಗಳ, ಹಿಂಡಿತ್ತು. ಅವನ್ನು ನಾವು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ; ಒಮ್ಮೆ ಸೇರಿದ್ದು ಹೊರಗೆ ಹೋಗುವ ಹಾಗಿಲ್ಲ. ಯಜಮಾನಿಕೆ ನಮ್ಮಜ್ಜಿಯದು. ಸಿಡುಬು ಅವಳ ಎರಡೂ ಕಣ್ಣು ಕಿತ್ತುಕೊಂಡು ಮುಖದ ತುಂಬ ಕುಳಿ ಬಿಟ್ಟುಹೋಗಿತ್ತು. ಆದರೂ ಚುಚ್ಚುವವರು ಬಂದರೆ ಬಾಗಿಲಿಗೆ ಅಗುಳಿ ಹಾಕುತ್ತಿದ್ದವಳು ಅವಳೇ. ಆಗೆಲ್ಲ ಒಂದು ಮಗುವಿನ ತೋಳಿನ ಬೊಕ್ಕೆಯಿಂದ ಕೀವು ತೆಗೆದು ಇನ್ನೊಂದಕ್ಕೆ ಚುಚ್ಚುತ್ತಿದ್ದರು. "ಯಾರ್ದೋ ಕೂಸಿನ ಕೀವು ನಮ್ಮ ಕೂಸಿಗಾ? ಬ್ಯಾಡ!" ಎನ್ನುತ್ತಿದ್ದಳು.

ಅವ್ವ ಆಗಲೇ ಒಂದು ಮಗುವನ್ನು ಸಿಡುಬಿಗೆ ಕೊಟ್ಟಿದ್ದಳು. ಮಡಿಲಲ್ಲಿ ನನ್ನ ತಮ್ಮ. ಬೇನೆ ಪಕ್ಕದೂರಿಗೆ ಬಂದಿತ್ತು.

"ಅತ್ತೆ, ಇವನೊಬ್ಬನಾದ್ರೂ ಉಳೀಲಿ" ಎಂದು ಅವ್ವ ಬೇಡಿದರೆ ಅಜ್ಜಿ ಮುಖ ತಿರುಗಿಸುತ್ತಿದ್ದಳು. ನನಗೆ ಅವಳ ಮೇಲೆ ಎಂಥ ಸಿಟ್ಟು ಗೊತ್ತೇ!

ಆ ಸಲ ಬಂದವನು ಮಗುವಿನ ಬದಲು ಕರು ಹಿಡಿದು ತಂದು ಹುಣಸೆಮರಕ್ಕೆ ಕಟ್ಟಿದ. ಅದು ಹಸಿದು ಅಂಬಾ ಎಂದಿತು. ಕರು ಕೂಗಿದ ಮೇಲೆ ಅಜ್ಜಿ ಒಳಗೆ ಕೂರುವ ಪೈಕಿಯೇ? ಅಗುಳಿ ತೆಗೆದು ತಡವುತ್ತ ಹೋದಳು. ಕೊರಳು ಸವರಿದಳು, ಬೆನ್ನು ಸವರಿದಳು, ಹೊಟ್ಟೆಗೆ ಬಂದ ಕೈ ನಿಂತಿತು. ಕೂದಲು ಬೋಳಿಸಿದ ಚರ್ಮದ ಮೇಲೆ ಸಾಲು ಬೊಕ್ಕೆ. ಇನ್ನೊಂದು ಕೈ ತಾನಾಗಿ ತನ್ನ ಕೆನ್ನೆಗೆ ಹೋಯಿತು.

"ಅಯ್ಯೋ ಎನ್ನ ಕಂದಾ, ನಮ್ಮ ಕೂಸುಗಳಿಗೆ ಬರೋದನ್ನ ನೀನು ಹೊತ್ಕೊಂಡ್ಯಾ?" ಎಂದವಳೇ ಅವ್ವನಿಗೆ ಕೂಗಿದಳು: "ಹುಡುಗನ್ನ ತಾರೇ!"

ಕರುವಿನ ಬೊಕ್ಕೆಯಿಂದಲೇ ತೆಗೆದು ಮೊದಲು ತಮ್ಮನಿಗೆ ಚುಚ್ಚಿದ, ಆಮೇಲೆ ನನಗೆ. ತಮ್ಮ ಸುಮ್ಮನಿದ್ದ, ನಾನು ಊರು ಕೇಳುವಂತೆ ಅರಚಿದೆ. ಅಷ್ಟರಲ್ಲಿ ಅಜ್ಜಿ ಕರುವನ್ನು ಬಿಚ್ಚಿ ದೇವರ ಹಿಂಡಿಗೆ ಸೇರಿಸಿಬಿಟ್ಟಿದ್ದಳು! ಆ ಮನುಷ್ಯ ತಲೆಯ ಮೇಲೆ ಕೈ ಹೊತ್ತು, ಅಜ್ಜಿಯನ್ನು ಪಾಟಿ ಎಂದು ಕರೆದು ತಮಿಳಿನಲ್ಲಿ ಗೋಗರೆದ: ಅದು ಸರ್ಕಾರದ ಕರು ಪಾಟಿ, ಮುಂದಿನೂರಲ್ಲಿ ಮಕ್ಕಳು ಕಾಯುತ್ತಿದ್ದಾರೆ. ಮಕ್ಕಳು ಎಂದದ್ದೇ ಅಜ್ಜಿ ಕರಗಿದಳು.

"ಸರಿ, ಹೋಗಿ ಬರ್ಲಿ. ಕೆಲ್ಸ ಮುಗಿದ ಮೇಲೆ ತಂದು ಬಿಡು, ಇನ್ನು ಇದ್ರ ಮನೆ ಇದೇ."

ಪುಣ್ಯಾತ್ಮ, ತಂದು ಬಿಟ್ಟ. ಇವತ್ತು ನನ್ನ ತೋಳು ನೆಕ್ಕಿದ್ದು ಅದೇ ಹಿಂಡಿನ, ಅದರದೇ ಸಂತಾನ.

ಬೇನೆ ನಮ್ಮ ಹಟ್ಟಿಗೂ ಬಂತು. ನಮ್ಮಿಬ್ಬರನ್ನು ಮುಟ್ಟಲಿಲ್ಲ. ಆಮೇಲೆ ಎಷ್ಟೋ ಕಾಲ ಸಂಜೆ ಹೊತ್ತು ಅಜ್ಜಿ ತಮ್ಮನ ಕೆನ್ನೆಯ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದಳು. ಬೆಟ್ಟದ ಗಾಳಿ ಬೀಸುತ್ತಿರುತ್ತಿತ್ತು.

"ಅತ್ತೆ, ಅವ್ರು ಹೊರಟ್ರು!" ಅಂಗಳದಿಂದ ಸೊಸೆಯ ಕೂಗು.

ಎದ್ದೆ. ಮೊಮ್ಮಗಳನ್ನು ಸೊಸೆಯ ಕೈಯಿಂದ ಕಿತ್ತುಕೊಂಡು ಬೀದಿಗೆ ಓಡಿದೆ. ನನ್ನ ಕಣ್ಣೂ ಈಗ ಮಂಜು. ಓಡುತ್ತಲೇ ಕೂಸಿನ ಕೆನ್ನೆ ಸವರಿದೆ. ನುಣ್ಣಗಿತ್ತು.

"ಸಾಮೀ, ನಿಲ್ಲಿ! ಅತ್ರೆ ಅಳ್ಲಿ, ಕುತ್ತಿ."